‘ಕ್ಷೇಮವೇ’ ಎಂದವನೂ ‘ಉತ್ತರಿಸಬೇಡಿ’ ಎಂದವನೂ

ಎದುರಿಗೆ ಕೂತ ಮನುಷ್ಯ ಖರೆ ಹೇಳುತ್ತಿದ್ದಾನೋ ಸುಳ್ಳು ಹೇಳುತ್ತಿದ್ದಾನೋ ನನಗೆ ಕೂಡಲೇ ತಿಳಿಯುತ್ತದೆ ಎಂದು ಭಾಳ ವರ್ಷ ನಂಬಿಕೊಂಡಿದ್ದೆ. ನಾನೊಬ್ಬಳೇ ಅಲ್ಲ, ವಾಡಿಯಲ್ಲಿ ನಮ್ಮ ಓಣಿಯವರೆಲ್ಲ ನಂಬಿದ್ದರು. ಯಾರ ಮನೆಯಲ್ಲಿ ಹೆಣ್ಣಿಗೆ ಗಂಡು ಗೊತ್ತು ಮಾಡುವುದಿದ್ದರೂ ಮೊದಲು ನನ್ನ ಹತ್ತಿರ ಬರುತ್ತಿದ್ದರು. “ನೀಲಮ್ಮಕ್ಕ, ಸೇಡಂ ಕಡಿಂದ ಒಂದು ಸಂಬಂಧ ಬಂದದ. ಹುಡುಗ ಹೆಂಗದಾನ, ಮನಿತನ ಹೆಂಗದ, ಸ್ವಲ್ಪ ವಿಚಾರ ಮಾಡ್ರಿ” ಎನ್ನುತ್ತಿದ್ದರು. ನಾನು ಮದುವೆ ಕುದುರಿಸುವವಳಲ್ಲ. ಕುದುರಿಸುವವರಿಗೆ ಸೀರೆ ಉಡಿಸುತ್ತಾರೆ. ನಾನು ವಿಚಾರ ಮಾಡಿ ಮುರಿಯುವವಳು. ನನಗೆ ಚಹಾ ಕೊಡುತ್ತಾರೆ. ನನ್ನ ತವರುಮನೆ ಶಹಾಬಾದ, ಗಂಡನ ಮನೆ ವಾಡಿ, ತಂಗಿಯನ್ನು ಕೊಟ್ಟದ್ದು ಸೇಡಂಗೆ, ಮಗಳನ್ನು ಕೊಟ್ಟದ್ದು ಚಿಂಚೋಳಿಗೆ, ಮೈದುನ ಇರುವುದು ಚಿತ್ತಾಪುರದಲ್ಲಿ. ಈ ಐದು ಊರುಗಳಲ್ಲಿ ಯಾವನಾದರೂ ಕುಡಿದು ಬಿದ್ದರೆ, ಅವನು ಎದ್ದು ಕೂಡುವುದರೊಳಗೆ ನನಗೆ ಸುದ್ದಿ ಮುಟ್ಟುತ್ತದೆ.

ವಿಚಾರ ಮಾಡುವುದಕ್ಕೂ ಒಂದು ರೀತಿ ಇದೆ. ಗಂಡಿನ ಮನೆಯಲ್ಲಿ ಕೂತು ಗಂಡಿನ ಬಗ್ಗೆ ಕೇಳಬಾರದು. ಅಲ್ಲಿ ಚಹಾ ಕುಡಿಯಬೇಕು, ಮನೆ ಚಂದ ಇದೆ ಎನ್ನಬೇಕು, ಎದ್ದು ಬರಬೇಕು. ಕೇಳುವುದು ಆ ಓಣಿಯ ಹಿಟ್ಟಿನ ಗಿರಣಿಯಲ್ಲಿ. ಗಿರಣಿಯಲ್ಲಿ ಪಾಳಿಗೆ ಕೂತ ಹೆಂಗಸರಿಗೆ ಯಾರ ಮನೆಯ ಜೋಳ ಎಷ್ಟು ದಿನಕ್ಕೆ ಮುಗಿಯುತ್ತದೆ, ಯಾರ ಮನೆಯ ಜಗಳ ಎಷ್ಟು ದಿನವಾದರೂ ಮುಗಿಯುವುದಿಲ್ಲ, ಎಲ್ಲ ಗೊತ್ತು. ಒಮ್ಮೆ ಒಬ್ಬ ವರ ತಾನು ತಹಸೀಲ್ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ ಎಂದ. ಗಿರಣಿಯಲ್ಲಿ ಕೇಳಿದೆ. ಕಚೇರಿಯಲ್ಲಿ ಅಲ್ಲ, ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಅಂದರು. ಬಂದವರ ಅರ್ಜಿ ಬರೆದುಕೊಡುತ್ತಿದ್ದನಂತೆ. ಅದೂ ಕೆಲಸವೇ. ಆದರೆ ಒಳಗೋ ಹೊರಗೋ ಎಂಬುದನ್ನು ಅಕ್ಷತೆ ಬೀಳುವುದಕ್ಕೆ ಮುಂಚೆ ಹೇಳಬೇಕು.

ಇಷ್ಟು ತಿಳಿದವಳು ನಾನು. ಹೀಗಿದ್ದೂ ಒಂದು ಇ-ಮೇಲಿನ ಮುಂದೆ ಹೇಗೆ ಕೂತೆ ಎಂಬುದನ್ನು ಹೇಳುತ್ತೇನೆ. ನಗುವವರು ನಕ್ಕುಬಿಡಿ, ಓಣಿಯವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ.

ನನ್ನ ಸೊಸೆ ರೇಣುಕಾ ಸ್ಟೇಷನ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಮಗ ಲಾರಿ ಮೇಲೆ ಇರುತ್ತಾನೆ. ಬಂದಾಗ ಬರುತ್ತಾನೆ, ಉಂಡು ಮಲಗಿ ಹೋಗುತ್ತಾನೆ. ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಒಲೆಯ ಮುಂದೆ ನಿಂತು ಅವಳಿಗೆ ಕಣ್ಣುರಿ ಹತ್ತಿತ್ತು. ಡಾಕ್ಟರು ಹೊಗೆಯಿಂದ ದೂರ ಇರು ಎಂದರು. ಖಾನಾವಳಿಯ ಧಣಿಗೆ ಹೇಳಿದರೆ ಅವನು, “ಹೊಗಿಗಿ ಹೇಳವ್ವ, ನಂಗೇನ್ ಹೇಳ್ತಿ” ಎಂದ. ಅಷ್ಟರಲ್ಲಿ ಚಿತ್ತಾಪುರದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅಡಿಗೆ ಸಹಾಯಕಿ ಬೇಕು ಎಂಬ ಸುದ್ದಿ ಬಂತು. ಅಲ್ಲಿ ಗ್ಯಾಸಿನ ಒಲೆ. ರೇಣುಕಾ ಕಂಪ್ಯೂಟರ್ ಸೆಂಟರಿನಲ್ಲಿ ಅರ್ಜಿ ಹಾಕಿಸಿ ಬಂದಳು. ಮುಂದಿನ ಸುದ್ದಿ ಇ-ಮೇಲಿನಲ್ಲಿ ಬರುತ್ತದೆ ಎಂದರಂತೆ. ಅವಳಿಗೆ ಇ-ಮೇಲ್ ವಿಳಾಸ ಇರಲಿಲ್ಲ. ಸೆಂಟರಿನವರೇ ಒಂದು ಮಾಡಿಕೊಟ್ಟರು. ಅದರಲ್ಲಿ ಓಣಿ ಇಲ್ಲ, ಮನೆ ನಂಬರ್ ಇಲ್ಲ, ಗಂಡನ ಹೆಸರೂ ಇಲ್ಲ. ಇಂಥ ವಿಳಾಸಕ್ಕೆ ಯಾರು ಬಂದು ಮುಟ್ಟುತ್ತಾರೆ ಎಂದು ನಾನು ಕೇಳಿದೆ. “ಮುಟ್ತದರಿ ಅತ್ತಿ, ನೀವು ಮಾತ್ರ ಮುಟ್ಟಬ್ಯಾಡ್ರಿ” ಎಂದಳು. ಖಾನಾವಳಿಯಲ್ಲಿ ಹಿಟ್ಟಿನ ಕೈಗೆ ಫೋನು ಬೇಡ ಎಂದು ಧಣಿಯ ಹುಕುಂ, ಹೀಗಾಗಿ ಫೋನು ಮನೆಯಲ್ಲೇ ಇರುತ್ತದೆ. ನಾನೂ ಮನೆಯಲ್ಲೇ ಇರುತ್ತೇನೆ.

ಅದೇ ದಿನಗಳಲ್ಲಿ ಗ್ರಂಥಾಲಯದಲ್ಲಿ ಹೆಂಗಸರಿಗೆ ಫೋನಿನ ಕ್ಲಾಸು ನಡೆಯಿತು. ಕಲಬುರಗಿಯಿಂದ ಒಬ್ಬ ಮೇಡಂ ಬಂದಿದ್ದರು. ವಯಸ್ಸು ಚಿಕ್ಕದು, ದನಿ ದೊಡ್ಡದು. ನಾನು ಮತ್ತು ಪಕ್ಕದ ಮನೆಯ ಬಳೆ ಅಂಗಡಿ ಖೈರೂನ್ ಮುಂದಿನ ಸಾಲಿನಲ್ಲೇ ಕೂತೆವು. ಹಿಂದೆ ಕೂತರೆ ನನಗೆ ಕೇಳುವುದಿಲ್ಲ, ಖೈರೂನಗೆ ಮಾತಾಡಲಿಕ್ಕೆ ಆಗುವುದಿಲ್ಲ. ಕಳ್ಳರು ಈಗ ಗೋಡೆ ಹಾರುವುದಿಲ್ಲ, ಮೇಲ್ ಕಳಿಸುತ್ತಾರೆ ಎಂದರು ಮೇಡಂ. ಅವಸರ ಮಾಡಿಸುತ್ತಾರೆ, ಹೆದರಿಸುತ್ತಾರೆ, ನಿಮ್ಮ ಹೆಸರು ಕೂಡ ಹಾಕದೆ ಊರಿಗೆಲ್ಲ ಒಂದೇ ಬರೆಯುತ್ತಾರೆ, ಫೋನಿಗೆ ಬಂದ ಓಟಿಪಿ ನಂಬರ್ ಕೇಳುತ್ತಾರೆ. ಗೊತ್ತಿಲ್ಲದವರಿಂದ ಏನೇ ಬಂದರೂ ಮೊದಲು ವಿಚಾರಿಸಿ ಎಂದರು. ಖೈರೂನ್ ಎದ್ದು ನಿಂತಳು.

“ಮೇಡಂ, ಓಟಿಪಿ ನಮ್ಮ ಅಳಿಯ ಕೇಳಿದ್ರ?”

“ಅಳಿಯನಿಗೂ ಹೇಳಬೇಡಿ.”

ಸಭೆಗೆ ಭಾಳ ಸಂತೋಷವಾಯಿತು. ಹಿಂದಿನ ಸಾಲಿನ ಒಬ್ಬಾಕೆ, “ಇದನ್ನ ಬರದು ಕೊಡ್ರಿ ಮೇಡಂ, ಗ್ವಾಡಿಗಿ ಅಂಟಸ್ತೀನಿ” ಎಂದಳು.

ನನಗೆ ಕ್ಲಾಸಿನಿಂದ ಬಂದದ್ದು ಧೈರ್ಯ. ವಿಚಾರಿಸಿ ಎಂದರಲ್ಲ, ಅದು ನನ್ನದೇ ಕಸುಬು. ಹೊಸದಾಗಿ ಕಲಿಯಲಿಕ್ಕೆ ಏನಿದೆ ಎಂದು ದಾರಿಯುದ್ದಕ್ಕೂ ಖೈರೂನಗೆ ಹೇಳಿಕೊಂಡು ಬಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅಳಿಯನ ಮನೆಗೆ ಫೋನು ಹಚ್ಚುತ್ತಿದ್ದಳು.

ಮೊದಲನೆಯ ಮೇಲ್ ಬಂದದ್ದು ಒಂದು ಶನಿವಾರ. ಫೋನು ಟಿಂಗ್ ಎಂದಿತು. ನನಗೆ ಓದು ಬರುತ್ತದೆ, ನಿಧಾನಕ್ಕೆ. ಮೂರನೇ ಕ್ಲಾಸಿನ ತನಕ ಹೋದವಳು. ಇಂಗ್ಲಿಷು ಬರುವುದಿಲ್ಲ, ಆದರೆ ಒಂದು ಕಡೆ ಒತ್ತಿದರೆ ಫೋನೇ ಅದನ್ನು ಕನ್ನಡ ಮಾಡಿಕೊಡುತ್ತದೆ. ಇದನ್ನು ಮೇಡಂ ಕಲಿಸಿದ್ದರು, ಯಾಕೆ ಕಲಿಸಿದರೋ. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಹಿಡಿದು ಓದಿದೆ. ‘ಅಭ್ಯರ್ಥಿಯೇ’ ಎಂದು ಶುರು. ಹೆಸರಿಲ್ಲ. ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಮೂಲ ದಾಖಲೆ ತೆಗೆದುಕೊಂಡು ಚಿತ್ತಾಪುರದ ಕಚೇರಿಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಅರ್ಜಿ ರದ್ದು. ಕೆಳಗೆ ಇನ್ನೊಂದು ಸಾಲು: ಇದಕ್ಕೆ ಉತ್ತರಿಸಬೇಡಿ.

ನೋಡಿ. ಹೆಸರಿಲ್ಲ, ಅವಸರ ಇದೆ, ಹೆದರಿಕೆ ಇದೆ. ಮೇಡಂ ಹೇಳಿದ ಗುರುತುಗಳೆಲ್ಲ ಒಂದೇ ಕಡೆ ಕೂಡಿ ಬಂದಿದ್ದವು. ಅವೆಲ್ಲ ಹೋಗಲಿ, ಮನೆಗೆ ಬಂದವನು ‘ನನ್ನ ಜೋಡಿ ಮಾತಾಡಬೇಡ’ ಎಂದು ಹೇಳಿ ಹೊರಟರೆ ಅವನನ್ನು ಏನೆನ್ನಬೇಕು? ಉತ್ತರ ಬೇಡದವನು ಕಾಗದ ಯಾಕೆ ಬರೆಯಬೇಕು? ನಾನು ಕಸದ ಬುಟ್ಟಿಯ ಚಿತ್ರ ಹುಡುಕಿ ಒತ್ತಿದೆ. ಮೇಲ್ ಹೋಯಿತು. ಮನೆಗೆ ಬಂದ ಕಳ್ಳನನ್ನು ಒಬ್ಬಳೇ ಓಡಿಸಿದೆ ಎಂದು ಖುಷಿಯಾಗಿ ಇನ್ನೊಂದು ಲೋಟ ಚಹಾ ಕಾಸಿಕೊಂಡೆ. ರೇಣುಕಾಗೆ ಹೇಳಲಿಲ್ಲ. ಬಳಲಿ ಬಂದವಳ ತಲೆಗೆ ಇದೆಲ್ಲ ಯಾಕೆ.

ಎರಡನೆಯದು ಮಾರನೆಯ ದಿನ ಬಂತು. ಅದನ್ನು ಓದಿದರೆ ಕಣ್ಣು ತಂಪಾಗುತ್ತದೆ, ಹಾಗಿತ್ತು. ‘ಗೌರವಾನ್ವಿತ ರೇಣುಕಾ ಅವರಿಗೆ ನಮಸ್ಕಾರಗಳು. ತಾವೂ ತಮ್ಮ ಕುಟುಂಬದವರೂ ಕ್ಷೇಮವೇ?’ ಆಮೇಲೆ ಹಾಸ್ಟೆಲಿನ ಕೆಲಸಕ್ಕೆ ತಾವು ಆಯ್ಕೆಯಾಗಿದ್ದೀರಿ, ಅಭಿನಂದನೆಗಳು. ಆಧಾರ್ ಕಾರ್ಡಿನ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಕಳಿಸಬೇಕು. ಏನೇ ಸಂಶಯವಿದ್ದರೂ ದಯವಿಟ್ಟು ಬರೆಯಿರಿ, ತಮ್ಮ ಸೇವೆಗೆ ಸದಾ ಸಿದ್ಧ. ಕೆಳಗೆ ಒಬ್ಬ ಅಧಿಕಾರಿಯ ಹೆಸರು, ಪ್ರಕಾಶ ಎಂದು.

ಸಂಶಯವಿದ್ದರೆ ಕೇಳಿ ಎನ್ನುವವನಲ್ಲಿ ಸಂಶಯ ಎಲ್ಲಿಂದ ಬರಬೇಕು? ಆದರೂ ನಾನು ಹಾಗೇ ಬಿಡುವವಳಲ್ಲ. ಫೋನಿನಲ್ಲಿ ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಕೆಮ್ಮಿದರೆ ಅದನ್ನೂ ಏನೋ ಒಂದು ಮಾಡಿ ಬರೆಯುತ್ತದೆ. ನಾನು ರೇಣುಕಾಳ ಅತ್ತೆ ಎಂದು ಹೇಳಿ ವಿಚಾರಣೆ ಶುರು ಮಾಡಿದೆ. ಊರು ಯಾವುದು, ಅಡ್ಡಹೆಸರೇನು, ತಂದೆ-ತಾಯಿ ಇದ್ದಾರೋ, ಅಣ್ಣತಮ್ಮಂದಿರೆಷ್ಟು, ಹೊಲ ಒಣಬೇಸಾಯವೋ ನೀರಾವರಿಯೋ. ಒಂದು ಗಂಟೆಯೊಳಗೆ ಉತ್ತರ ಬಂತು. ‘ಅಮ್ಮ, ನಾನು ತಮ್ಮ ಮಗನಿದ್ದಂತೆ. ನಮ್ಮದು ಸೇಡಂ. ತಂದೆ-ತಾಯಿ ಇದ್ದಾರೆ. ನೀರಾವರಿ ಭೂಮಿ ಇದೆ. ದಯವಿಟ್ಟು ದಾಖಲೆ ಕಳಿಸಿ.’ ಎಷ್ಟು ಕೇಳಿದರೂ ಬೇಸರವಿಲ್ಲ. ನನ್ನ ಸ್ವಂತ ಮಗ ಫೋನಿನಲ್ಲಿ ಇಷ್ಟು ಮಾತಾಡಿದ್ದು ನನಗೆ ನೆನಪಿಲ್ಲ.

ಫೋಟೋ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನು ಬರೆದ: ‘ಅಮ್ಮ, ಫೋಟೋದಲ್ಲಿ ಬೆರಳು ಬಂದಿದೆ.’ ಮತ್ತೊಮ್ಮೆ ತೆಗೆದೆ. ‘ಅಮ್ಮ, ಈ ಸಲ ಎರಡು ಬೆರಳು ಬಂದಿವೆ.’ ಕೋಪವಿಲ್ಲ, ತಾಪವಿಲ್ಲ. ಇಂಥ ತಾಳ್ಮೆಯವನು ಯಾರ ಮನೆಗಾದರೂ ಅಳಿಯನಾಗಿ ಹೋದರೆ ಆ ಮನೆ ಉದ್ಧಾರ ಎನಿಸಿತು. ಎನಿಸಿದ ಮೇಲೆ ಕೇಳದೆ ಇರಲಿಕ್ಕೆ ಆಗಲಿಲ್ಲ. ಮದುವೆ ಆಗಿದೆಯೋ ಎಂದು ಮೈಕಿಗೆ ಹೇಳಿದೆ. ಇಲ್ಲ ಅಮ್ಮ ಎಂದ. ಚಿಂಚೋಳಿಯಲ್ಲಿ ನನ್ನ ಮಗಳ ನಾದಿನಿ ಒಬ್ಬಳಿದ್ದಾಳೆ. ಓದಿದ್ದಾಳೆ, ಎತ್ತರ ಸ್ವಲ್ಪ ಹೆಚ್ಚು, ಬಂದ ಗಂಡುಗಳೆಲ್ಲ ಪಕ್ಕದಲ್ಲಿ ನಿಂತು ನೋಡಿ ಹೋಗಿಬಿಡುತ್ತಾರೆ. ನಿನ್ನ ಎತ್ತರ ಎಷ್ಟು ಎಂದು ಕೇಳಿದೆ. ಆ ಉತ್ತರ ಮಾತ್ರ ಕೂಡಲೇ ಬರಲಿಲ್ಲ. ಹುಡುಗನಿಗೆ ನಾಚಿಕೆ ಎಂದು ತಿಳಿದೆ.

ಬುಧವಾರ ಬೆಳಗ್ಗೆ ಫೋನಿಗೆ ಒಂದು ನಂಬರ್ ಬಂತು. ಹಿಂದೆಯೇ ಅವನ ಮೇಲ್. ‘ಅಮ್ಮ, ಈಗ ಬಂದ ಓಟಿಪಿಯನ್ನು ದಯವಿಟ್ಟು ಕೂಡಲೇ ತಿಳಿಸಿ. ಇಂದೇ ಕಡೆಯ ದಿನ.’ ನಾನು ಹೇಳಲಿಲ್ಲ. ಕಳ್ಳನೆಂದು ತಿಳಿದಲ್ಲ. ಅಳಿಯನಿಗೂ ಹೇಳಬೇಡಿ ಎಂದಿದ್ದರು ಮೇಡಂ. ಇವನು ಇನ್ನೂ ಅಳಿಯನೂ ಆಗಿಲ್ಲ, ಬರೀ ಮಾತುಕತೆಯಲ್ಲಿದ್ದಾನೆ. ಮಾತುಕತೆಯಲ್ಲಿರುವಾಗಲೇ ಎಲ್ಲ ಕೊಟ್ಟರೆ ಮುಂದೆ ಬೆಲೆ ಇರುವುದಿಲ್ಲ. ತಡಿಯಪ್ಪ, ಮೊದಲು ನಿಮ್ಮ ಮನೆತನದ ವಿಚಾರ ಆಗಲಿ ಎಂದು ಬರೆದು, ಸೇಡಂನ ತಂಗಿಗೆ ಫೋನು ಹಚ್ಚಿದೆ.

ಅವನು ಅಡ್ಡಹೆಸರನ್ನೂ ಯಾವ ಓಣಿ ಎಂಬುದನ್ನೂ ಹೇಳಿದ್ದ. ತಂಗಿ ಗಿರಣಿಗೆ ಹೋದಳು. ಬಂದು ಫೋನು ಮಾಡಿದಳು.

“ಅಕ್ಕಾ, ಆ ಅಡ್ಡಹೆಸರಿನವ್ರು ಈ ಓಣ್ಯಾಗ ಯಾರೂ ಇಲ್ಲ.”

“ಬಾಜೂ ಓಣ್ಯಾಗ?”

“ಅಲ್ಲೂ ಕೇಳ್ದೆ. ನೀರಾವರಿ ಹೊಲ ಇದ್ದ ಮನಿಯಾಗ ಮದಿವಿ ಆಗ್ಲಾರದ ನೌಕರಿ ಹುಡುಗ ಕುಂತಾನ ಅಂದ್ರ ಗಿರಣ್ಯಾಗ ಗೊತ್ತಿರಂಗಿಲ್ಲೇನು? ಎಲ್ರೂ ಕೂಡಿ ನನಗೇ ಕೇಳಿದ್ರು, ಎಲ್ಲದಾನವ್ವ ಅಂವ, ನಮ್ಮ ಹುಡುಗ್ಯಾರೂ ಅದಾರ ಅಂತ.”

ನನಗೆ ಸಿಟ್ಟು ಬಂತು. ಮನೆತನವನ್ನೇ ಸುಳ್ಳು ಹೇಳುವವನಿಗೆ ಹೆಣ್ಣು ಕೊಡುವುದಿಲ್ಲ ಎಂದು ನಿರ್ಧಾರ ಮಾಡಿದೆ. ಚಿಂಚೋಳಿಯ ಹುಡುಗಿ ಪಾರಾದಳು ಎಂಬ ಸಮಾಧಾನದಲ್ಲಿ ಖೈರೂನಳ ಅಂಗಡಿಗೆ ಹೋದೆ. ಅವಳು ಬಳೆಗಳ ಮೇಲೆ ಕೂತ ಸಿಮೆಂಟ್ ಕಾರ್ಖಾನೆಯ ಧೂಳು ಒರೆಸುತ್ತಿದ್ದಳು. ವಾಡಿಯಲ್ಲಿ ಬಳೆ ಮಾರುವವರು ದಿನದ ಅರ್ಧ ಒರೆಸುತ್ತಾರೆ, ಉಳಿದರ್ಧ ಮಾರುತ್ತಾರೆ.

“ಅಲ್ಲ ಖೈರೂನ್, ಹುಡುಗ ಛಲೋ ಅದಾನ ಅನಕೊಂಡಿದ್ದೆ. ಪೂರಾ ಸುಳ್ಳ.”

“ಯಾ ಹುಡುಗ ಅಕ್ಕಾ?”

“ನಮ್ಮ ರೇಣುಕಾಗ ನೌಕರಿ ಕೊಡಾವ.”

ಖೈರೂನ್ ಒರೆಸುವುದನ್ನು ನಿಲ್ಲಿಸಿದಳು. ನಾನು ಶುರುವಿನಿಂದ ಎಲ್ಲ ಹೇಳಿದೆ. ಕೇಳಿ ಮುಗಿಸಿ ಅವಳು ಒರೆಸುವ ಬಟ್ಟೆ ಪಕ್ಕಕ್ಕಿಟ್ಟಳು.

“ಅಕ್ಕಾ, ಹುಡುಗ ಸುಳ್ಳಾದ್ರ ನೌಕರಿ ಖರೇ ಹೆಂಗಾತದ?”

ಇದು ನನಗೆ ಹೊಳೆದಿರಲಿಲ್ಲ. ಖರೆ ಹೇಳುತ್ತೇನೆ, ಹೊಳೆದಿರಲಿಲ್ಲ. ಮದುವೆಯ ವಿಚಾರಣೆಯನ್ನು ಗಿರಣಿಯಲ್ಲಿ ಮಾಡಿಸಿದೆ. ನೌಕರಿಯ ವಿಚಾರಣೆಯನ್ನು ಗಂಡಿನ ಮನೆಯಲ್ಲೇ ಕೂತು ಮಾಡಿದ್ದೆ. ಅವನನ್ನೇ ಕೇಳಿ, ಅವನು ಹೇಳಿದ್ದನ್ನೇ ನಂಬಿದ್ದೆ. ಖೈರೂನಗೆ ಆ ಕ್ಷಣದಲ್ಲಿ ಏನಾದರೂ ಉತ್ತರ ಕೊಡಬೇಕಿತ್ತು. “ಒಂದ್ ಡಜನ್ ಹಸಿರು ಬಳಿ ತೋರ್ಸು” ಎಂದೆ.

“ಬಳಿ ಇರ್ಲಿ ಅಕ್ಕಾ. ಮತ್ತ ಬ್ಯಾರೆ ಯಾವ್ದರ ಮೇಲ್ ಬಂದಿತ್ತೇನು?”

“ಒಂದು ಬಂದಿತ್ತು. ಭಾಳ ಸೊಕ್ಕಿಂದು. ಒಗದೆ.”

“ಯಾ ಅಲ್ಲಾ” ಎಂದಳು ಖೈರೂನ್. ಅಂಗಡಿಯ ಪರದೆ ಎಳೆದು, ಚಪ್ಪಲಿ ಮೆಟ್ಟಿಕೊಂಡು ಖಾನಾವಳಿಯ ಕಡೆ ನಡೆದಳು. ಅವಳ ಮೊಣಕಾಲು ನನ್ನವಕ್ಕಿಂತ ಹಾಳು, ಆದರೂ ಅವಳೇ ಮುಂದೆ ಇದ್ದಳು.

ರೇಣುಕಾ ಹಿಟ್ಟಿನ ಕೈಯಲ್ಲೇ ಮನೆಗೆ ಬಂದಳು. ಕಣ್ಣು ಕೆಂಪಗಿತ್ತು, ಹೊಗೆಗೋ ನನಗೋ ಕೇಳಲಿಲ್ಲ. ನಮ್ಮ ಮನೆಯಲ್ಲಿ ಸೊಸೆ ಅತ್ತೆಗೆ ಎದುರು ಮಾತಾಡುವ ಪದ್ಧತಿ ಇಲ್ಲ. ಪಾತ್ರೆಗಳು ಮಾತಾಡಿದವು. ಕೈ ತೊಳೆದುಕೊಂಡು ಫೋನು ಹಿಡಿದು ಕೂತು ಕಸದ ಬುಟ್ಟಿ ತೆರೆದಳು. ಅದರಲ್ಲಿ ಒಗೆದದ್ದು ಕೆಲವು ದಿನ ಹಾಗೇ ಬಿದ್ದಿರುತ್ತದಂತೆ. ನಮ್ಮ ಓಣಿಯ ಕಸದಂತೆಯೇ. ಆ ಸೊಕ್ಕಿನ ಮೇಲ್ ಅಲ್ಲಿತ್ತು. ಆಮೇಲೆ ಪ್ರಕಾಶನ ಮೇಲ್ ತೆರೆದಳು. ಮೇಲೆ ಕಚೇರಿಯ ಹೆಸರು ದಪ್ಪ ಅಕ್ಷರದಲ್ಲಿತ್ತು. ಅವಳು ಆ ಹೆಸರಿನ ಮೇಲೆ ಬೆರಳಿಟ್ಟು ಒತ್ತಿದಾಗ ಕೆಳಗೆ ಇನ್ನೊಂದು ವಿಳಾಸ ಹೊರಬಿತ್ತು. ಯಾರು ಬೇಕಾದರೂ ಪುಕ್ಕಟೆ ಮಾಡಿಕೊಳ್ಳುವಂಥದ್ದು, ಸೆಂಟರಿನವರು ಅವಳಿಗೆ ಮಾಡಿಕೊಟ್ಟಂಥದ್ದೇ.

“ಅಂದ್ರ ಆ ಸೊಕ್ಕಿಂದೇ ಖರೇ ಏನು?” ಎಂದೆ.

“ಗೊತ್ತಿಲ್ರಿ ಅತ್ತಿ. ಇದು ಸುಳ್ಳಾದ ಕೂಡ್ಲೇ ಅದು ಖರೇ ಆಗಂಗಿಲ್ಲ. ನಾಳಿ ಹೋಗಿ ಆಫೀಸಿನಾಗೇ ಕೇಳಿದ್ರ ಆತು.”

ಆ ಸೊಕ್ಕಿನ ಮೇಲಿನಲ್ಲಿ ಒಂದು ಫೋನ್ ನಂಬರೂ ಇತ್ತು. ಅದಕ್ಕೆ ಮಾಡು ಎಂದೆ. ಮಾಡಲಿಲ್ಲ. ಅದನ್ನು ಬರೆದವರಿಗೇ ಫೋನು ಮಾಡಿ ನೀವು ಖರೆಯೋ ಎಂದು ಕೇಳಿದರೆ ಏನೆನ್ನುತ್ತಾರೆ ಎಂದಳು. ಚಿತ್ತಾಪುರದ ನನ್ನ ಮೈದುನನಿಗೆ ಫೋನು ಹಚ್ಚಿ, ಆ ಕಚೇರಿಯ ಬಾಗಿಲಿಗೆ ಏನಾದರೂ ನೋಟೀಸು ಹಚ್ಚಿದ್ದಾರೋ ನೋಡಲಿಕ್ಕೆ ಹೇಳಿದಳು. ಹಚ್ಚಿದ್ದರು, ಗುರುವಾರವೇ ಎಂದಿತ್ತು. ಆಮೇಲೆ ಬ್ಯಾಂಕಿಗೆ ಹೋಗಿ ಆದದ್ದನ್ನು ತಿಳಿಸಿ, ಇ-ಮೇಲಿನ ಪಾಸ್‌ವರ್ಡ್ ಬದಲಿಸಿ, ಸೈಬರ್ ದೂರಿನವರಿಗೂ ಹೇಳಿದಳು. ನಾನು ಕಳಿಸಿದ ಫೋಟೋಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಎಲ್ಲದರಲ್ಲೂ ನಂಬರಿನ ಮೇಲೆ ನನ್ನ ಹೆಬ್ಬೆರಳೇ ಇತ್ತು. ಅವಳು ಮದುವೆಯಾಗಿ ಬಂದಮೇಲೆ ನನ್ನನ್ನು ನೋಡಿ ಅಷ್ಟು ನಿಶ್ಚಿಂತೆಯಿಂದ ಉಸಿರು ಬಿಟ್ಟದ್ದು ಅದೇ ಮೊದಲು.

ಪ್ರಕಾಶನಿಗೆ ಕಡೆಯದಾಗಿ ಒಂದು ಮಾತು ಬರೆಯಬೇಕು ಎಂದೆ. ಮನೆತನದ ಬಗ್ಗೆ. ರೇಣುಕಾ ಬೇಡ ಎಂದಳು. “ಅಂಥವ್ರಿಗಿ ಬೈದ್ರೂ ಉತ್ತರನೇ ಆತದರಿ. ಈ ಮನ್ಯಾಗ ಮಾತಾಡೋವ್ರು ಅದಾರ ಅಂತ ತಿಳ್ಕೊತಾರ.” ಅವನನ್ನು ಬ್ಲಾಕ್ ಮಾಡಿದಳು. ಎತ್ತರದ ಉತ್ತರ ಬರುವುದು ಬಾಕಿ ಇತ್ತು.

ಗುರುವಾರ ರೈಲಿನಲ್ಲಿ ಚಿತ್ತಾಪುರಕ್ಕೆ ಹೋದೆವು. ನೀವು ಬರುವುದು ಬೇಡ ಎಂದಳು, ನಾನು ಹೋದೆ. ಕಚೇರಿಯಲ್ಲಿ ಹೆಂಗಸರ ಪಾಳಿ ದೊಡ್ಡದಿತ್ತು. ಮೇಜಿನ ಹಿಂದೆ ಒಬ್ಬ ಗುಮಾಸ್ತ ಕೂತಿದ್ದ. ರೇಣುಕಾ ಹೋಗಿ ನಮಸ್ಕಾರ ಎಂದಳು. ಅವನು ತಲೆ ಎತ್ತಲಿಲ್ಲ. “ಮೂಲ ದಾಖಲಿ. ಝೆರಾಕ್ಸ್ ಬ್ಯಾಡ. ಮಾತಾಡಬ್ಯಾಡ್ರಿ. ಹಿಂದಕ್ಕ ನಿಂದರ್ರಿ” ಎಂದ. ಹೆಸರು ಕೇಳಲಿಲ್ಲ, ಕ್ಷೇಮ ಕೇಳಲಿಲ್ಲ. ನನ್ನ ಎದೆ ಹಗುರಾಯಿತು. ಆ ಮೇಲ್ ಇಲ್ಲಿಂದಲೇ ಬಂದದ್ದು, ಸಂಶಯವೇ ಇಲ್ಲ. ಹಿಂದೆ ನಿಂತವರಿಗೆ, “ಖರೇ ಆಫೀಸೇ ಅದರಿ, ಹೆದರಬ್ಯಾಡ್ರಿ” ಎಂದು ಹೇಳಿದೆ. ಅವನು ಆಗ ತಲೆ ಎತ್ತಿ ಈ ಮುದುಕಿ ಯಾರು ಎಂದು ಕೇಳಿದ. ರೇಣುಕಾ ಗೊತ್ತಿಲ್ಲ ಎಂದಳು.

ಕೆಲಸ ಸಿಕ್ಕಿತು. ಈಗ ದಿನಾ ಬೆಳಗ್ಗೆ ರೈಲಿನಲ್ಲಿ ಹೋಗುತ್ತಾಳೆ, ಕಣ್ಣು ತಿಳಿಯಾಗಿದೆ. ಖಾನಾವಳಿಯ ಧಣಿ ಈಗ ತಾನೇ ರೊಟ್ಟಿ ಬಡಿಯುತ್ತಾನೆ, ಹೊಗೆಗೆ ಏನು ಹೇಳುತ್ತಾನೋ ಗೊತ್ತಿಲ್ಲ. ನಾನು ಓಣಿಯ ಹೆಂಗಸರಿಗೆ ಇ-ಮೇಲಿನ ಬಗ್ಗೆ ಬುದ್ಧಿ ಹೇಳಲಿಕ್ಕೆ ಶುರು ಮಾಡಿದ್ದೇನೆ. ನಯವಾಗಿ ಬರೆದವನೆಂದು ನಂಬಬೇಡಿ, ಒರಟಾಗಿ ಬರೆದವನೆಂದು ಒಗೆಯಬೇಡಿ, ಬರೆದವನನ್ನೇ ಕೇಳಬೇಡಿ, ಬೇರೆ ದಾರಿಯಿಂದ ಹೋಗಿ ಕೇಳಿ. ಎಲ್ಲರೂ ಚಹಾ ಕೊಟ್ಟು ಕೇಳಿಸಿಕೊಳ್ಳುತ್ತಾರೆ. ಯಾರೂ ತಮ್ಮ ಫೋನು ನನ್ನ ಕೈಗೆ ಕೊಡುವುದಿಲ್ಲ.

ಹಾಸ್ಟೆಲಿನಲ್ಲೂ ಅಡಿಗೆಮನೆಗೆ ಫೋನು ಒಯ್ಯುವಂತಿಲ್ಲ, ಹೀಗಾಗಿ ರೇಣುಕಾಳ ಫೋನು ಈಗಲೂ ಮನೆಯಲ್ಲೇ ಇರುತ್ತದೆ. ಅದಕ್ಕೆ ಅವಳು ಲಾಕ್ ಹಾಕಿದ್ದಾಳೆ. ಮೊನ್ನೆ ಅದು ಟಿಂಗ್ ಎಂದಿತು. ಸಂಜೆ ಅವಳು ಬಂದ ಮೇಲೆ, ಲಾಕಿನ ನಂಬರ್ ನನಗಾದರೂ ಹೇಳು, ನಾನೇನು ಹೊರಗಿನವಳೋ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇವೆ, ನಾನು ಎಂಥವಳು ಎಂದು ನಿನಗೆ ಗೊತ್ತಿಲ್ಲವೋ ಎಂದೆ.

“ಚಂದಾಗಿ ಗೊತ್ತದರಿ ಅತ್ತಿ” ಎಂದಳು. “ಅದಕ್ಕೇ ಹೇಳವಲ್ಲೆ.”

ಅವಳ ವಿಚಾರಣೆಯಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ.